ಹದಿನೇಳನೆಯ ನಕ್ಷತ್ರ

ಡಿಸೆಂಬರ್ 1, ಭಾನುವಾರ

ಈ ತಿಂಗಳು ಏನನ್ನೂ ಕೊಳ್ಳಬಾರದೆಂದು ಬೆಳಿಗ್ಗೆ ಚರ್ಚಿನಲ್ಲಿ ಕೂತಾಗಲೇ ತೀರ್ಮಾನಿಸಿದೆ. ದಿನಸಿ, ಔಷಧಿ, ಬಸ್ಸಿನ ಟಿಕೆಟ್ಟು, ಅಷ್ಟೇ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಿಗೆಂದು ಇಟ್ಟ ಮೇಣದಬತ್ತಿಗಳಲ್ಲಿ ಮೊದಲನೆಯದನ್ನು ಹಚ್ಚಿದರು. ಮುಂದಿನ ಸಾಲಿನಲ್ಲಿದ್ದ ಹೆಂಗಸರಿಬ್ಬರು ಕಣ್ಣು ಮುಚ್ಚಿಕೊಂಡೇ ಕಿಟಕಿ ಪರದೆಗಳ ರಿಯಾಯಿತಿಯ ಬಗ್ಗೆ ಪಿಸುಗುಟ್ಟುತ್ತಿದ್ದರು. ನನಗೆ ದುಃಖವಾಯಿತು ಎಂದು ಬರೆಯಬೇಕೆಂದಿದ್ದೆ. ಬಂದದ್ದು ಸಿಟ್ಟು.

ಆರಾಧನೆ ಮುಗಿದ ಮೇಲೆ ಪಾದ್ರಿಯವರು ಒಂದು ಲಕೋಟೆ ಕೊಟ್ಟರು. ಊರಂಚಿನ ವೃದ್ಧಾಶ್ರಮದಲ್ಲಿರುವ ಇಪ್ಪತ್ತಾರು ಮಂದಿ ಕ್ರಿಸ್‌ಮಸ್‌ಗೆ ತಮಗೆ ಏನು ಬೇಕೆಂದು ಬರೆದುಕೊಟ್ಟ ಚೀಟಿಗಳು. ಹೆಸರಿಲ್ಲ, ಬರೀ ಸಂಖ್ಯೆ. ಒಂದೊಂದನ್ನೂ ರಟ್ಟಿನ ನಕ್ಷತ್ರದ ಮೇಲೆ ಅಂದವಾಗಿ ಬರೆದು ಚರ್ಚಿನ ಬಾಗಿಲ ಬಳಿಯ ಮರಕ್ಕೆ ಕಟ್ಟಬೇಕು. ಬಂದವರು ಒಂದೊಂದು ನಕ್ಷತ್ರ ಬಿಡಿಸಿಕೊಂಡು ಹೋಗಿ, ಅದರಲ್ಲಿ ಬರೆದಿರುವುದನ್ನು ತಂದುಕೊಡುತ್ತಾರೆ. ಹೋದ ವರ್ಷ ಯಾರೋ ಅಳತೆ ಬರೆಯುವುದನ್ನು ಮರೆತು ಒಬ್ಬ ತಾತನಿಗೆ ಮೊಮ್ಮಗನ ಅಳತೆಯ ಚಪ್ಪಲಿ ಹೋಗಿತ್ತಂತೆ.

“ನೀವು ಪ್ರೆಸ್ಸಿನಲ್ಲಿ ತಿದ್ದೋರು, ಸಿಸ್ಟರ್. ನಿಮ್ಮ ಕೈಯಲ್ಲಿ ತಪ್ಪಾಗಲ್ಲ,” ಎಂದರು.

ಡಿಸೆಂಬರ್ 3, ಮಂಗಳವಾರ

ಪ್ರೆಸ್ಸಿನಲ್ಲಿ ಇಡೀ ದಿನ ಅಂಗಡಿಗಳ ಕರಪತ್ರ. ‘ಕ್ರಿಸ್ತ ಜನನದ ಸಂಭ್ರಮಕ್ಕೆ ಎರಡು ಕೊಂಡರೆ ಒಂದು ಉಚಿತ.’ ಇಪ್ಪತ್ತೆರಡು ವರ್ಷದಿಂದ ಕರಡು ತಿದ್ದುತ್ತಿದ್ದೇನೆ. ಇಂಥ ಸಾಲುಗಳಲ್ಲಿ ಒಂದೇ ಒಂದು ಅಕ್ಷರದ ತಪ್ಪೂ ಸಿಗುವುದಿಲ್ಲ, ಅದೇ ಸಂಕಟ. ಯಂತ್ರದ ಮೇಸ್ತ್ರಿ ರೇಗಿಸಿದ: “ಮೇಡಂ, ಎಮ್ಮೆ ಓದಿದ್ದೀರಲ್ಲ, ಒಂದು ಪದ್ಯ ಹೇಳಿ, ಶಾಯಿ ಬೇಗ ಒಣಗಲಿ.” ಎಂ.ಎ.ಯನ್ನು ಅವನು ಹಾಗೇ ಅನ್ನುವುದು.

ಸಂಜೆ ಊಟದ ಮೇಜಿನ ಮೇಲೆ ಚೀಟಿಗಳನ್ನು ಹರಡಿದೆ. ಬಿಸಿನೀರಿನ ಚೀಲ. ಕನ್ನಡಕಕ್ಕೆ ದಾರ. ಮಂಡಿಗೆ ಪಟ್ಟಿ. ಓದುತ್ತ ಕಣ್ಣು ತುಂಬಿತು. ಆಮೇಲೆ ಒಂಬತ್ತನೆಯದು: ‘ದೊಡ್ಡ ಪರದೆಯ ಫೋನು.’ ಹದಿಮೂರು: ‘ಟಿವಿಯಲ್ಲಿ ತೋರಿಸ್ತಾರಲ್ಲ, ಕೂದಲು ಕಪ್ಪು ಮಾಡುವ ಎಣ್ಣೆ.’ ಹದಿನೇಳು: ‘ಸೆಂಟು. ದೊಡ್ಡ ಬಾಟಲಿ. ತುಂಬ ಹೊತ್ತು ನಿಲ್ಲುವಂಥದ್ದು. ಬೇರೆ ಏನೂ ಬೇಡ.’

ಬೇರೆ ಏನೂ ಬೇಡವಂತೆ! ಹೋಗುವ ಹೊತ್ತಿಗೆ ಕಾಯುತ್ತ ಕೂತವರನ್ನೂ ಈ ಅಂಗಡಿಗಳು ಬಿಡಲಿಲ್ಲವಲ್ಲ. ಬಹಳ ಹೊತ್ತು ಆ ಚೀಟಿ ಹಿಡಿದು ಕೂತಿದ್ದೆ. ಅಮ್ಮನ ನೆನಪಾಯಿತು. ಕೊನೆಯ ಆರು ತಿಂಗಳು ಹಾಸಿಗೆ ಹಿಡಿದಿದ್ದಾಗ ಅವಳು ಏನನ್ನೂ ಕೇಳಲಿಲ್ಲ. ನಾನು ದಿನಾ ಸಂಜೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು (ಬೆಳಕು ಅಲ್ಲೇ ಚೆನ್ನಾಗಿತ್ತು) ಬೈಬಲಿನ ಕೀರ್ತನೆಗಳನ್ನು ಓದುತ್ತಿದ್ದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿ ಕೇಳುತ್ತಿದ್ದಳು. ಏನೂ ಬೇಡದ ಆ ಬೆನ್ನಿನಷ್ಟು ಸುಂದರವಾದ ಕವಿತೆಯನ್ನು ನಾನು ಓದಿಲ್ಲ.

ಮೂರು ಚೀಟಿಗಳನ್ನು ತಿದ್ದಿದೆ. ಒಂಬತ್ತಕ್ಕೆ ದೊಡ್ಡಕ್ಷರದ ಭಕ್ತಿಗೀತೆಗಳ ಪುಸ್ತಕ. ಹದಿಮೂರಕ್ಕೆ ಒಂದು ಜೊತೆ ಕಾಲುಚೀಲ. ಹದಿನೇಳಕ್ಕೆ ಉಣ್ಣೆಯ ಶಾಲು. ಇದನ್ನು ಸುಳ್ಳು ಅನ್ನಲಾರೆ. ಕರಡು ತಿದ್ದುವುದೆಂದರೆ ಇದೇ ತಾನೆ: ಬರೆದವರು ನಿಜವಾಗಿ ಹೇಳಬೇಕಾಗಿದ್ದನ್ನು ಅವರಿಂದ ಹೇಳಿಸುವುದು.

ಡಿಸೆಂಬರ್ 8, ಭಾನುವಾರ

ಆರಾಧನೆ ಮುಗಿದ ಕಾಲು ಗಂಟೆಯಲ್ಲಿ ಮರ ಬರಿದಾಯಿತು. ಹದಿನೇಳನ್ನು ಆರ್ಗನ್ ನುಡಿಸುವಾಕೆ ಬಿಡಿಸಿಕೊಂಡಳು. “ಶಾಲು ಕೇಳಿದ್ದಾರೆ, ನೋಡಿ. ಬರೀ ಶಾಲು! ಎಷ್ಟು ಸರಳ ಜೀವ,” ಎಂದು ಎದೆಗೊತ್ತಿಕೊಂಡಳು. ನನ್ನನ್ನೇ ಹೊಗಳಿದಷ್ಟು ಹಿತವಾಯಿತು. ಬರುವ ದಾರಿಯಲ್ಲಿ ಅಂಗಡಿಗಳ ದೀಪಗಳ ಕೆಳಗೆ ತಲೆ ಎತ್ತದೆ ನಡೆದೆ. ಈ ವರ್ಷ ನನ್ನ ಒಳಗೆ ಜಾಗ ಖಾಲಿಯಾಗಿದೆ. ಹುಟ್ಟಿ ಬರುವವನಿಗೆ ಜಾಗ.

ಡಿಸೆಂಬರ್ 12, ಗುರುವಾರ

ತಂಗಿ ಕೆಲಸ ಮುಗಿಸಿ ರಾತ್ರಿ ಎಂಟಕ್ಕೆ ಮನೆಗೆ ಬಂದಳು, ಬಿಳಿ ಕುಚ್ಚಿನ ಕೆಂಪು ಟೋಪಿ ತಲೆಯ ಮೇಲೇ ಇತ್ತು. ಡಿಸೆಂಬರ್ ಪೂರ್ತಿ ದೊಡ್ಡ ಅಂಗಡಿಯವರು ಎಲ್ಲರಿಗೂ ಅದನ್ನು ಹಾಕಿಸುತ್ತಾರೆ. ಅವಳದು ಸೆಂಟಿನ ಕೌಂಟರು. ಬೆಳಿಗ್ಗೆಯಿಂದ ನಿಂತು ಕಾಲು ಊದಿತ್ತು. ಸೋಫಾದ ಮೇಲೆ ಬಿದ್ದುಕೊಂಡು, “ಅಕ್ಕಾ, ನಿನಗೆ ಹಬ್ಬಕ್ಕೆ ಏನು ಬೇಕು ಹೇಳು,” ಎಂದಳು.

“ಏನೂ ಬೇಡ.”

“ಗೊತ್ತು ಬಿಡು. ಏನೂ ಬೇಡ ಅನ್ನೋದನ್ನ ಒಂದು ಡಬ್ಬಿಗೆ ಹಾಕಿ ರಿಬ್ಬನ್ ಕಟ್ಟಿಕೊಡ್ತೀನಿ. ಅದರ ಜಂಬ ನಿನಗೆ ವರ್ಷ ಪೂರ್ತಿ ಬರುತ್ತೆ.”

ಅವಳ ಮೈಯಿಂದ ಇಪ್ಪತ್ತು ಸೆಂಟುಗಳು ಒಟ್ಟಿಗೆ ಬರುತ್ತಿದ್ದವು. ಕಿಟಕಿ ತೆಗೆದೆ. ಹದಿನೇಳನೆಯ ಚೀಟಿಯ ವಿಷಯ ಹೇಳೋಣವೆನ್ನಿಸಿತು, ಇಂಥವರೂ ಇದ್ದಾರೆ ನೋಡು ಎಂದು. ಅಷ್ಟರಲ್ಲಿ ಅವಳಿಗೆ ನಿದ್ದೆ ಬಂದಿತ್ತು. ಟೋಪಿ ತೆಗೆದಿಟ್ಟು ದೀಪ ಆರಿಸಿದೆ.

ಡಿಸೆಂಬರ್ 18, ಬುಧವಾರ

ಪೊಟ್ಟಣಗಳೆಲ್ಲ ಬಂದಿವೆ. ಇಪ್ಪತ್ತಾರು. ಶಾಲಿನ ಪೊಟ್ಟಣ ಮೆತ್ತಗಿದೆ. ಸಂಜೆ ಪ್ರಾರ್ಥನೆ ತಾನಾಗಿ ಬಂತು, ಬಹಳ ದಿನದ ಮೇಲೆ.

ಡಿಸೆಂಬರ್ 25, ಬುಧವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಬೆಳಗಿನ ಆರಾಧನೆ ಮುಗಿಸಿ ನಾವು ಆರು ಮಂದಿ ಪೊಟ್ಟಣಗಳೊಂದಿಗೆ ವೃದ್ಧಾಶ್ರಮಕ್ಕೆ ಹೋದೆವು. ಕೆಳಗಿನ ಹಾಲಿನಲ್ಲಿ ಮೇಟ್ರನ್ ಸಂಖ್ಯೆ ಕೂಗುತ್ತಿದ್ದರು. ಒಂಬತ್ತನೆಯ ತಾತ ಪುಸ್ತಕವನ್ನು ತಿರುಗಿಸಿ ನೋಡಿ, ಒಳಗೆ ಏನಾದರೂ ಇದೆಯೇ ಎಂದು ಕೊಡವಿ, ಪಕ್ಕಕ್ಕಿಟ್ಟ. ಹದಿಮೂರನೆಯ ತಾತ ಕಾಲುಚೀಲವನ್ನು ಎತ್ತಿ ಹಿಡಿದು, “ತಲೆಗೆ ಎಣ್ಣೆ ಕೇಳಿದ್ರೆ ಕಾಲಿಗೆ ಚೀಲ ಬಂದಿದೆ. ದೇವರಿಗೂ ವಯಸ್ಸಾಯ್ತು, ನನ್ನನ್ನ ತಲೆಕೆಳಗಾಗಿ ನೋಡ್ತಿದ್ದಾನೆ!” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹದಿನೇಳನ್ನು ಕೂಗಿದಾಗ ಯಾರೂ ಬರಲಿಲ್ಲ. “ಅದು ಗುಂಡಿ ಅಜ್ಜಿ. ಕೆಳಗೆ ಬರಲ್ಲ. ನೀವೇ ಕೊಟ್ಟು ಬನ್ನಿ ಮೇಡಂ, ಮೇಲೆ ಎಡಗಡೆ,” ಎಂದರು ಮೇಟ್ರನ್. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ನಲವತ್ತು ವರ್ಷ ಅಂಗಿಗಳಿಗೆ ಗುಂಡಿ ಹೊಲಿದವಳಂತೆ, ಅದಕ್ಕೆ ಆ ಹೆಸರು.

ಮೆಟ್ಟಿಲ ಮೇಲೆಯೇ ವಾಸನೆ ಬಂತು. ಮೊದಲು ಫಿನಾಯಿಲ್, ಅದರ ಅಡಿಯಿಂದ ಇನ್ನೊಂದು. ಬಾಗಿಲಲ್ಲಿ ಉಸಿರು ಹಿಡಿದೆ. ಮಂಚದ ಮೇಲೆ ಸಣ್ಣ ಮುದುಕಿ, ತಲೆ ಬಾಚಿ, ಇಸ್ತ್ರಿ ಮಾಡಿದ ರವಿಕೆ ತೊಟ್ಟು, ಎಡಗಾಲಿಗೆ ಮೊಣಕಾಲಿನವರೆಗೆ ಪಟ್ಟಿ ಸುತ್ತಿಕೊಂಡು ಕೂತಿದ್ದಳು. ನನ್ನ ಕೈ ನೋಡಿ ಮುಖ ಅರಳಿತು.

“ಬಂತಾ? ಬೇಗ ಕೊಡಮ್ಮಾ, ಬೇಗ. ಇನ್ನೇನು ಬಂದ್ಬಿಡ್ತಾಳೆ.”

ಪೊಟ್ಟಣ ಕೈಗೆ ಬಂದ ಕೂಡಲೇ ಅವಳ ಬೆರಳುಗಳಿಗೆ ಗೊತ್ತಾಯಿತು. ಜೀವಮಾನವೆಲ್ಲ ಬಟ್ಟೆ ಮುಟ್ಟಿದ ಬೆರಳು. ಆದರೂ ಪೂರ್ತಿ ಬಿಚ್ಚಿದಳು, ಮಡಿಕೆ ಬಿಡಿಸಿ ಒಳಗೆ ಹುಡುಕಿದಳು.

“ಇದೊಂದೇನಾ?”

“ಹೌದು ಅಜ್ಜಿ.”

“ಚೆನ್ನಾಗಿದೆ. ಒಳ್ಳೆ ಉಣ್ಣೆ. ಒಂದು ಗುಂಡಿ ಇದ್ದಿದ್ರೆ ಇನ್ನೂ ಚೆನ್ನಾಗಿರೋದು,” ಎಂದು ನಗಲು ನೋಡಿದಳು.

ಆ ಮಹಡಿಯಲ್ಲಿ ಇನ್ನಿಬ್ಬರಿಗೆ ಕೊಡುವುದಿತ್ತು. ಕೊಟ್ಟು ಹಿಂದಿರುಗುವಾಗ ಮಗಳು ಬಂದಿದ್ದಳು. ನನ್ನಷ್ಟೇ ವಯಸ್ಸು. ಬಾಗಿಲ ಬಳಿ ಕುರ್ಚಿ ಎಳೆದುಕೊಂಡು, ಕರವಸ್ತ್ರ ಮೂಗಿನ ಹತ್ತಿರ ಹಿಡಿದು ಕೂತಿದ್ದಳು. ಮುದುಕಿ ಹೊಸ ಶಾಲನ್ನು ಕಾಲಿಗೆ ಒತ್ತೊತ್ತಿ ಸುತ್ತುತ್ತಿದ್ದಳು, ಒಂದು ಸಂದೂ ಬಿಡದ ಹಾಗೆ.

“ಒಂದ್ಸಲ ಹತ್ರ ಬಾರೇ. ಈಗ ಅಷ್ಟು ಬರ್ತಿಲ್ಲ, ಅಲ್ವಾ?”

“ನೆಗಡಿಯಮ್ಮಾ ನನಗೆ. ನಿನಗೆ ಅಂಟಿಬಿಡುತ್ತೆ.”

“ಅಂಟಲಿ ಬಿಡು. ಬರೋದು ವರ್ಷಕ್ಕೊಂದ್ಸಲ.”

“ಬಸ್ಸಿಗೆ ಹೊತ್ತಾಯ್ತು. ಬರ್ತೀನಿ.” ಬಾಗಿಲಿಂದಲೇ ಕೈ ಎತ್ತಿದಳು. ನನ್ನ ಪಕ್ಕದಲ್ಲೇ ದಾಟಿ ಹೋದಳು. ಅಳುತ್ತಿದ್ದಳು. ನೆಗಡಿ ಇರಲಿಲ್ಲ.

ಕೆಳಗೆ ಮೇಟ್ರನ್ ಹೇಳಿದರು: “ಸಕ್ಕರೆ ಕಾಯಿಲೆ ಗಾಯ ಮೇಡಂ, ಒಂದೂವರೆ ವರ್ಷ ಆಯ್ತು, ಮಾಯ್ತಾ ಇಲ್ಲ. ಹೋದ ವರ್ಷವೂ ಮಗಳು ಹಿಂಗೇ ಬಾಗಿಲಲ್ಲೇ ಕೂತು ಹೋದ್ಲು. ಈ ಸಲ ಸೆಂಟು ಕೇಳ್ತೀನಿ, ಅವಳು ಬರೋದ್ರೊಳಗೆ ಕಾಲಿಗೆ, ಹಾಸಿಗೆಗೆ ಎಲ್ಲ ಸುರ್ಕೊಂಡು ಕೂತಿರ್ತೀನಿ, ಹತ್ರ ಬಂದೇ ಬರ್ತಾಳೆ ಅಂತ ಅಜ್ಜಿದು ಒಂದು ತಿಂಗಳಿಂದ ಅದೇ ಮಾತು. ಚೀಟಿ ಬರೆದುಕೊಟ್ಟಿದ್ದು ನಾನೇ. ಏನೋ ಅದಲು ಬದಲು ಆಗಿರಬೇಕು.”

“ಇರಬೇಕು,” ಎಂದೆ.

ಇರಬೇಕು ಎಂದೆ. ಅಷ್ಟೇ ಹೇಳಿದ್ದು ನಾನು. ಕೋಣೆಯ ಹೊಸ್ತಿಲನ್ನೂ ನಾನು ದಾಟಿರಲಿಲ್ಲ ಎಂಬುದು ಬಸ್ಸಿನಲ್ಲಿ ನೆನಪಾಯಿತು. ಪೊಟ್ಟಣವನ್ನು ಕೈ ಉದ್ದ ಮಾಡಿ ಕೊಟ್ಟಿದ್ದೆ, ಅವಳೇ ಮಂಚದ ತುದಿಗೆ ಸರಿದು ಬಾಗಿ ತೆಗೆದುಕೊಂಡಿದ್ದಳು.

ಡಿಸೆಂಬರ್ 26, ಗುರುವಾರ

ರಜೆ. ಕವಿತೆಯ ಪುಸ್ತಕ ತೆಗೆದೆ, ಮುಚ್ಚಿದೆ.

ಡಿಸೆಂಬರ್ 27, ಶುಕ್ರವಾರ

ಪಾದ್ರಿಯವರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಮೂಲ ಚೀಟಿಗಳನ್ನೂ ಮೇಜಿನ ಮೇಲಿಟ್ಟೆ. ಅವರು ಅವನ್ನು ನೋಡಲಿಲ್ಲ. “ನಿಮ್ಮ ಉದ್ದೇಶ ಒಳ್ಳೆಯದೇ ಇತ್ತಲ್ಲ ಸಿಸ್ಟರ್. ಶಾಲು ಕೆಟ್ಟ ವಸ್ತುವೇನಲ್ಲ. ಚಳಿಗೆ ಆಗುತ್ತೆ,” ಎಂದರು. ಬೈಯಲಿ ಎಂದು ಹೋಗಿದ್ದೆ. ಮುಂದಿನ ವರ್ಷವೂ ನಕ್ಷತ್ರಗಳ ಕೆಲಸ ನನ್ನದೇ ಅಂತೆ, ಇಷ್ಟು ಅಚ್ಚುಕಟ್ಟಾಗಿ ಯಾವತ್ತೂ ಆಗಿರಲಿಲ್ಲವಂತೆ.

ಹೊರಗೆ ಬಂದು ಮೆಟ್ಟಿಲ ಮೇಲೆ ಪ್ರಾರ್ಥಿಸಲು ನೋಡಿದೆ. ಪದಗಳೆಲ್ಲ ಸರಿಯಾಗಿಯೇ ಇದ್ದವು. ಯಾರಿಗೆ ಹೇಳುತ್ತಿದ್ದೇನೆ ಎಂಬುದು ಮಾತ್ರ ಇರಲಿಲ್ಲ.

ಡಿಸೆಂಬರ್ 28, ಶನಿವಾರ

ದೊಡ್ಡ ಅಂಗಡಿಗೆ ಹೋದೆ. ತಂಗಿ ಆ ಕೌಂಟರಿಗೆ ಸೇರಿ ಏಳು ವರ್ಷ, ನಾನು ಕಾಲಿಟ್ಟದ್ದು ಮೊದಲ ಸಲ. ಅವಳ ಕೆಂಪು ಟೋಪಿ ಇನ್ನೂ ತಲೆಯ ಮೇಲಿತ್ತು.

“ಏನಕ್ಕಾ, ದಾರಿ ತಪ್ಪಿತಾ? ದೇವರ ಮನೆ ಆ ಕಡೆ,” ಎಂದು ನಕ್ಕವಳು ನನ್ನ ಮುಖ ನೋಡಿ ಸುಮ್ಮನಾದಳು. ಹೇಳಿದೆ. ಗಾಜಿನ ಮೇಲೆ ಕೈಯೂರಿ ಕೇಳಿಸಿಕೊಂಡಳು.

“ಎಂಬತ್ತು ವರ್ಷದ ಮುದುಕಿ ಸೆಂಟು ಕೇಳಿದ್ರೆ ಯಾಕೆ ಅಂತ ಒಂದ್ಸಲ ವಿಚಾರಿಸಬಾರದಿತ್ತಾ?”

“ಆಸೆ ಅಂದ್ಕೊಂಡೆ.”

“ಆಸೆನೇ ಅದು. ಏನು ಅಂದ್ಕೊಂಡಿದ್ದೆ ನೀನು, ಆಸೆ ಅಂದ್ರೆ?” ಆಮೇಲೆ ದನಿ ತಗ್ಗಿಸಿ, “ಅಮ್ಮನ ದಿಂಬಿಗೆ ನಾನು ಇಲ್ಲಿಂದ ಸ್ಯಾಂಪಲ್ ಬಾಟಲಿ ತಂದು ಸಿಂಪಡಿಸ್ತಿದ್ದೆ, ಜ್ಞಾಪಕ ಇದೆಯಾ? ಶೋಕಿ ಅಂತ ಬೈದಿದ್ದೆ ನೀನು. ನಿನಗೋಸ್ಕರ ಕಣೇ ಅದು. ನೀನು ಬಾಗಿಲು ಬಿಟ್ಟು ಒಳಗೆ ಬರ್ಲಿ ಅಂತ ಅಮ್ಮನೇ ಹಾಕಿಸ್ಕೊಳ್ತಿದ್ಲು.”

ಗಿರಾಕಿಗಳು ಬಂದರು. ಅವಳು ಇಬ್ಬರಿಗೆ ನಗುನಗುತ್ತ ಕಾಗದದ ಪಟ್ಟಿಗಳನ್ನು ಮೂಸಿಸಿ ಕಳಿಸಿದಳು. ಆಮೇಲೆ ಕೆಳಗಿನ ಅರೆಯಿಂದ ಒಂದು ಬಾಟಲಿ ತೆಗೆದಳು. “ಹೂವಿನ ವಾಸನೆದು ಬೇಡ. ಗಾಯದ ಜೊತೆ ಸೇರಿದ್ರೆ ಇನ್ನೂ ಕೆಟ್ಟದಾಗುತ್ತೆ. ಇದು ಮರದ್ದು, ನಿಲ್ಲುತ್ತೆ.”

ಈ ತಿಂಗಳಲ್ಲಿ ನಾನು ಕೊಂಡ ಒಂದೇ ವಸ್ತು.

ಬಾಗಿಲ ಹತ್ತಿರ ಬೆಳಕು ಚೆನ್ನಾಗಿತ್ತು ಎಂದು ಬರೆದಿದ್ದೇನೆ, ಮೂರನೆಯ ತಾರೀಖಿನಲ್ಲಿ. ಹಿಂದಕ್ಕೆ ತಿರುಗಿಸಿ ನೋಡಿದೆ. ಅಮ್ಮನ ಕೋಣೆಯ ಕಿಟಕಿ ಇದ್ದದ್ದು ಮಂಚದ ಪಕ್ಕ.

ಡಿಸೆಂಬರ್ 29, ಭಾನುವಾರ

ಚರ್ಚಿಗೆ ಹೋಗಲಿಲ್ಲ. ನೇರ ವೃದ್ಧಾಶ್ರಮಕ್ಕೆ. ಹೊಸ್ತಿಲು ದಾಟಿದೆ. ಕಷ್ಟವೇ ಆಯಿತು, ಕಣ್ಣಲ್ಲಿ ನೀರು ಬಂತು. ಗುಂಡಿ ಅಜ್ಜಿ ನೋಡುತ್ತಿದ್ದಳು.

“ಬಾಯಲ್ಲಿ ಉಸಿರಾಡು ಮಗಳೇ. ಮೊದಮೊದಲು ಎಲ್ಲರಿಗೂ ಹಂಗೇ.”

ಬಾಟಲಿ ಕೈಯಲ್ಲಿಟ್ಟೆ. ಚೀಟಿ ತಿದ್ದಿದ್ದು ನಾನೇ ಎಂದೆ. ಅವಳು ಬಾಟಲಿಯ ಮುಚ್ಚಳವನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು, ಗುಂಡಿ ಸವರುವ ಹಾಗೆ.

“ಹಂಗಾದ್ರೆ ಚೀಟಿ ಕಳೆದುಹೋಗಿರಲಿಲ್ಲ.”

“ಇಲ್ಲ.”

“ಓದಿದ್ದೆ ನೀನು.”

“ಓದಿದ್ದೆ.”

“ದೇವರು ಓದ್ಲಿಲ್ಲ ಅಂದ್ಕೊಂಡಿದ್ದೆ ನಾನು. ನಾಲ್ಕು ದಿನದಿಂದ ಅವನ ಜೊತೆ ಮಾತು ಬಿಟ್ಟಿದ್ದೀನಿ. ಪಾಪ, ಸುಮ್ನೆ ಅವನ ಮೇಲೆ ಸಿಟ್ಟು ಮಾಡ್ಕೊಂಡೆ.”

ಮುಚ್ಚಳ ತೆಗೆದು ಕೊಡಲೇ ಎಂದೆ. ಬೇಡವೆಂದಳು. “ಈಗ ಯಾರಿಗಮ್ಮಾ ಘಮಘಮ? ತೆಗೆದ್ರೆ ಹಾರಿಹೋಗುತ್ತೆ. ಅಲ್ಲಿಡು. ಅವಳು ಬರೋ ಹೊತ್ತಿಗೆ ಇರ್ಲಿ.”

ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಜನವರಿ 5, ಭಾನುವಾರ

ಚರ್ಚಿನ ಗೋದಲಿ, ಎಂದರೆ ಕ್ರಿಸ್ತ ಜನನದ ಬೊಂಬೆಗಳ ಕೊಟ್ಟಿಗೆ, ಬಿಚ್ಚುವ ದಿನ. ಬೊಂಬೆಗಳನ್ನು ಸುತ್ತಿಡಲು ಪ್ರೆಸ್ಸಿನಿಂದ ಹಳೆಯ ಕರಪತ್ರಗಳನ್ನು ಒಯ್ದಿದ್ದೆ. ಹಸು, ಕತ್ತೆ, ಕುರಿಗಳು. ಆಮೇಲೆ ದೂರದಿಂದ ಬಂದ ಮೂವರು ಜ್ಞಾನಿಗಳು, ಕೂಸಿಗೆ ಕಾಣಿಕೆಯೆಂದು ಕೈಯಲ್ಲಿ ಒಂದೊಂದು ಪೆಟ್ಟಿಗೆ. ಒಂದು ಚಿನ್ನ. ಉಳಿದ ಎರಡರಲ್ಲೂ ಇದ್ದದ್ದು ಪರಿಮಳ. ಹಸು ಕಟ್ಟಿದ ಕೊಟ್ಟಿಗೆ, ಆಗಷ್ಟೇ ಹೆತ್ತವಳು. ಅಲ್ಲಿ ಯಾವ ವಾಸನೆ ಇತ್ತೋ. ಮೂವರಲ್ಲಿ ಒಬ್ಬನೂ ಕಂಬಳಿ ತಂದಿರಲಿಲ್ಲ.

ಇದರಿಂದ ಏನಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮೂವರನ್ನೂ ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದೆ.

ಮಧ್ಯಾಹ್ನ ಗುಂಡಿ ಅಜ್ಜಿಯ ಹತ್ತಿರ ಹೋಗಿದ್ದೆ. ಆಯಾ ರಜೆ. ಪಟ್ಟಿ ಬಿಚ್ಚುವಾಗ ಕಾಲು ಹಿಡಿದುಕೊಂಡೆ.

ಜನವರಿ 12, ಭಾನುವಾರ

ಮೇಟ್ರನ್ ಫೋನಿನಿಂದ ಅಜ್ಜಿಯ ಮಗಳನ್ನು ಮಾತಾಡಿಸಿದೆ. ಬರುತ್ತೀರಾ ಎಂದು ಕೇಳಿದ್ದು ನಾನು. ಅವಳೆಂದಳು: “ನೀವು ಯಾರೋ ಗೊತ್ತಿಲ್ಲ ಮೇಡಂ. ಬೈಕೊಳ್ಳಿ ಪರವಾಗಿಲ್ಲ. ನನ್ನ ಕೈಲಾಗ್ತಿಲ್ಲ. ಮನೆಗೆ ಬಂದು ಮೂರು ದಿನ ಊಟ ಸೇರಲ್ಲ ನನಗೆ. ಇನ್ನು ಬರಲ್ಲ.” ಆ ದನಿ ನನಗೆ ಚೆನ್ನಾಗಿ ಗೊತ್ತು. ಬೈಯಲಿಲ್ಲ.

ಅಜ್ಜಿಗೆ, ಬಿಡುವಾದಾಗ ಬರುತ್ತಾಳಂತೆ ಎಂದೆ.

“ಇದನ್ನೂ ತಿದ್ದಿದ್ಯಾ?” ಎಂದಳು.

ಜನವರಿ 26, ಭಾನುವಾರ

ಗಾಯ ಮೂಳೆಗೆ ತಲುಪಿದೆಯಂತೆ. ಕಾಲು ತೆಗೆಯುವಷ್ಟು ಶಕ್ತಿ ದೇಹದಲ್ಲಿಲ್ಲ ಎಂದರು ಡಾಕ್ಟರು. ಪಕ್ಕದ ಕೋಣೆಯವರ ದೂರು ಹೆಚ್ಚಾಗಿ, ಅವಳನ್ನು ಮಹಡಿಯ ಕೊನೆಯ ಕೋಣೆಗೆ ಸಾಗಿಸಿದರು. ಹಳೆಯ ಹಾಸಿಗೆಗಳನ್ನು ಪೇರಿಸಿಟ್ಟಿದ್ದ ಕೋಣೆ ಅದು. ಶಾಲನ್ನು ಒಗೆದೆ. ಬಾಟಲಿಯನ್ನು ಅವಳೇ ಮಡಿಲಲ್ಲಿಟ್ಟುಕೊಂಡು ಬಂದಳು. ಸೀಲು ಹಾಗೇ ಇದೆ.

ಸಂಜೆ ತಂಗಿ ಬಾಗಿಲು ತೆಗೆದವಳು ಒಂದು ಹೆಜ್ಜೆ ಹಿಂದೆ ಸರಿದಳು. “ಬಿಸಿನೀರು ಕಾಯಿಸಿದ್ದೀನಿ, ಮೊದ್ಲು ಸ್ನಾನಕ್ಕೆ ಹೋಗು.” ಯಾಕೋ ಕಣ್ಣು ಒದ್ದೆಯಾಗಿತ್ತು. ಅಂಗಡಿಯಲ್ಲಿ ಏನಾದರೂ ಅಂದಿರಬೇಕು.

ಫೆಬ್ರವರಿ 9, ಭಾನುವಾರ

ಪ್ರಾರ್ಥನೆ ಇಲ್ಲ. ಓದು ಇಲ್ಲ. ಪ್ರೆಸ್ಸಿನಲ್ಲಿ ಎರಡು ತಪ್ಪು ಬಿಟ್ಟೆ.

ಅಜ್ಜಿ ಮಾತು ಕಡಿಮೆ ಮಾಡಿದ್ದಾಳೆ. ಇವತ್ತು ಬೆಳಗಿನಿಂದ ಬಾಗಿಲ ಕಡೆಯೇ ನೋಡುತ್ತಿದ್ದಳು. ಅಲ್ಲಿಗೆ ಕುರ್ಚಿ ಹಾಕಿಸು ಎಂದಳು, ಮಗಳು ಬಂದರೆ ಕೂರಲಿಕ್ಕೆ. ಹಾಕಿದೆ. ನಾನು ಮಂಚದ ಮೇಲೆ, ಅವಳ ಕಾಲು ತೊಡೆಯ ಮೇಲಿಟ್ಟುಕೊಂಡು ಕೂತೆ. ನಾಲ್ಕು ಗಂಟೆಯವರೆಗೆ ಆ ಕುರ್ಚಿಯನ್ನು ಇಬ್ಬರೂ ನೋಡಿದೆವು.

ಬರುವಾಗ ಬಸ್ಸು ಕಿಕ್ಕಿರಿದಿತ್ತು. ನನ್ನ ಪಕ್ಕ ಕೂತಿದ್ದಾಕೆ ಎರಡನೆಯ ಸ್ಟಾಪಿನಲ್ಲೇ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಎದ್ದು ಹೋಗಿ ಕಂಬ ಹಿಡಿದು ನಿಂತಳು. ಆಮೇಲೆ ಅಷ್ಟು ಜನ ನಿಂತಿದ್ದರೂ ಯಾರೂ ಅಲ್ಲಿ ಕೂರಲಿಲ್ಲ. ಒಳ್ಳೆಯದೇ ಆಯಿತು. ಚೀಲವನ್ನು ಪಕ್ಕಕ್ಕಿಟ್ಟು, ಮನೆಯವರೆಗೂ ಕಾಲು ಚಾಚಿಕೊಂಡು ಬಂದೆ.